ಲಿಥಿಯಂ ಗಣಿ: ಊರಿನವರ ಮಾತು ಕೇಳಿ

ಮಾನ್ಯರೇ,

ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರ ಪರಿಸರದಲ್ಲಿ ನಡೆದಿರುವ ಲಿಥಿಯಂ ಶೋಧ ನಮ್ಮಂಥ ರೈತರನ್ನು ಚಿಂತೆಗೀಡುಮಾಡಿದೆ. ವಿದ್ಯುತ್ ವಾಹನಗಳ ಬ್ಯಾಟರಿಗೆ ಈ ಲೋಹ ಬೇಕೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಂಡೆಯನ್ನು ಪುಡಿಮಾಡಿ, ಸುಟ್ಟು, ಆಮ್ಲದಲ್ಲಿ ಸಂಸ್ಕರಿಸಿ ಲಿಥಿಯಂ ತೆಗೆಯುವುದಾದರೆ ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ಉಳಿದ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಳೆಯನ್ನೇ ನಂಬಿ ತೊಗರಿ, ಸಜ್ಜೆ ಬೆಳೆಯುವ ನಮಗೆ ಮೊದಲೇ ತಿಳಿಸಬೇಕಲ್ಲವೇ?

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಲಿಥಿಯಂನಂಥ ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ನೀಡಿರುವುದು ಅತ್ಯಂತ ನೋವಿನ ಸಂಗತಿ. ನೆರೆಯ ಬಳ್ಳಾರಿಯಲ್ಲಿ ಹಾನಿಯೆಲ್ಲ ಆದ ಮೇಲೆ, 2011ರಲ್ಲಿ, ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಇಲ್ಲಿ ಗಣಿಯ ಹರಾಜಿಗೆ ಮೊದಲೇ ಗ್ರಾಮಸಭೆ ಕರೆದು, ಶೋಧದ ವರದಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇನೆ.

– ಒಬ್ಬ ರೈತ, ಲಿಂಗಸೂಗೂರು ತಾಲ್ಲೂಕು, ರಾಯಚೂರು ಜಿಲ್ಲೆ