ಮಂದ್ರದ ತಂತಿ

ಆತ್ಮೀಯ ಕನ್ನಡ ಬಂಧುಗಳೇ,

ಪಿಟೀಲು ಅಂದ ಕೂಡಲೇ ನಮಗೆ ನೆನಪಾಗುವುದು ಚೌಡಯ್ಯನವರು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ನಾದ ಮುಟ್ಟಲಿ ಎಂದು ಪಿಟೀಲಿಗೆ ಏಳು ತಂತಿ ಕಟ್ಟಿದವರು ಅವರು. ಅದೇ ಪಿಟೀಲಿನ ಅಕ್ಕನಂತಿರುವ, ತುಸು ದೊಡ್ಡದಾದ, ದನಿ ತಗ್ಗಿನ ವಯೋಲಾ ಮಾತ್ರ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಬಾಲಮುರಳಿಕೃಷ್ಣ ಅವರು ಅದನ್ನು ನುಡಿಸುತ್ತಿದ್ದರು ಎಂಬುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪಶ್ಚಿಮದಲ್ಲೂ ಬಹುಕಾಲ ಅದರ ಪಾಡು ಹಾಗೇ ಇತ್ತು. ಮೇಲೆ ಪಿಟೀಲು, ಕೆಳಗೆ ಚೆಲ್ಲೊ, ನಡುವಿನ ಜಾಗ ತುಂಬಲು ವಯೋಲಾ. ಆ ವಾದ್ಯವನ್ನೇ ಎತ್ತಿಕೊಂಡು ನಮ್ಮ ಕಾಲದ ಸಂಗೀತಕ್ಕಾಗಿ ದುಡಿದ ಕಿಮ್ ಕಷ್ಕಷಿಯನ್ ಅವರ ಬಗ್ಗೆ ಈ ಸಲ ಬರೆಯಬೇಕೆನಿಸಿತು.

ಹುಟ್ಟಿದ್ದು 1952ರಲ್ಲಿ, ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ಮನೆತನ ಅರ್ಮೇನಿಯಾ ಮೂಲದ್ದು. ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಕಲಿತವರು, ಜರ್ಮನಿಯಲ್ಲಿ ಪಾಠ ಹೇಳಿ ಬಂದವರು. ಈಗ ನಮ್ಮ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯ ಗುರುಗಳು. ಬ್ರಾಮ್ಸ್ ನುಡಿಸಿದ್ದಾರೆ, ಬಾಖ್ ಚೆಲ್ಲೊಗೆಂದು ಬರೆದದ್ದನ್ನು ವಯೋಲಾದಲ್ಲಿ ನುಡಿಸಿದ್ದಾರೆ, ಸ್ಪೇನ್ ಮತ್ತು ಅರ್ಜೆಂಟೀನಾದ ಹಾಡುಗಳನ್ನು ಸಾಹಿತ್ಯವಿಲ್ಲದೆ ಬರೀ ಕಮಾನಿನಲ್ಲಿ ಹಾಡಿದ್ದಾರೆ. ಆದರೂ ಅವರ ದೊಡ್ಡ ಕೆಲಸ ಬೇರೆಯದೇ. ಒಂಟಿಯಾಗಿ ನುಡಿಸಲು ವಯೋಲಾಕ್ಕೆ ಕೃತಿಗಳು ಕಡಿಮೆ ಎಂದು ಕೊರಗುತ್ತ ಕೂರದೆ, ಬದುಕಿರುವ ರಚನಕಾರರ ಜೊತೆ ಕೂತು ಹೊಸದನ್ನು ಹುಟ್ಟಿಸಿದರು. ಹಂಗೆರಿಯ ಪೀಟರ್ ಎಟ್ವಷ್ 1998ರಲ್ಲಿ ಬರೆದ 'ರೆಪ್ಲಿಕಾ' ಎಂಬ ವಯೋಲಾ ಕೃತಿ ಅವರಿಗಾಗಿಯೇ ಬಂದದ್ದು. ಹಂಗೆರಿಯವರೇ ಆದ ರಚನಕಾರರು ಕುರ್ತಾಗ್ ಮತ್ತು ಲಿಗೆಟಿ ಅವರ ವಯೋಲಾ ಕೃತಿಗಳನ್ನು ಕಿಮ್ ನುಡಿಸಿದ ಧ್ವನಿಮುದ್ರಣಕ್ಕೆ 2013ರಲ್ಲಿ ಗ್ರ್ಯಾಮಿ ಬಂತು.

'ಹೊಸ ಸಂಗೀತ ಅಂದರೆ ಬರೀ ಗದ್ದಲ' ಎನ್ನುವವರಿಗೆ ನಾನು ಆ ಮುದ್ರಣದಿಂದ ಲಿಗೆಟಿಯ ಸೊನಾಟಾದ (ಹಲವು ಭಾಗಗಳ ವಾದ್ಯಕೃತಿ) ಮೊದಲ ಭಾಗವನ್ನೇ ಕೇಳಿಸುತ್ತೇನೆ. ಅದರ ಹೆಸರು 'ಹೋರಾ ಲುಂಗ', ರೊಮೇನಿಯಾದ ಹಳ್ಳಿಯವರ ದೀರ್ಘ ಹಾಡು. ಇಡೀ ಭಾಗ ಒಂದೇ ತಂತಿಯಲ್ಲಿ, ಅದೂ ಮಂದ್ರದ ದಪ್ಪ ತಂತಿಯಲ್ಲಿ ನಡೆಯುತ್ತದೆ. ಪಿಯಾನೋದ ಮನೆಗಳಲ್ಲಿ ಸಿಗದ ಸ್ವರಗಳು ಬರುತ್ತವೆ. ಯಾವುದನ್ನು ಎಷ್ಟು ಇಳಿಸಬೇಕೆಂದು ಲಿಗೆಟಿ ಬಾಣದ ಗುರುತು ಹಾಕಿ ತೋರಿಸಿದ್ದಾನೆ. ತೋಡಿ ರಾಗದ ಓಲಾಡುವ ಗಾಂಧಾರವನ್ನು ಕೇಳಿ ಬೆಳೆದ ಕಿವಿಗೆ ಇದು ಅಪಸ್ವರ ಅನ್ನಿಸುವುದೇ ಇಲ್ಲ! ಗಂಟಲು ಸ್ವಲ್ಪ ಕಟ್ಟಿದ ಹೆಂಗಸೊಬ್ಬಳು ಬೆಳಗಿನ ಜಾವ ತನ್ನಷ್ಟಕ್ಕೆ ಹಾಡಿಕೊಂಡ ಹಾಗಿರುತ್ತದೆ. ಆ ಒರಟು ಕಂಠಕ್ಕೆ ವಾದ್ಯದ ಅಳತೆಯೂ ಕಾರಣ. ಅದರ ಶ್ರುತಿಗೆ ತಕ್ಕ ಗಾತ್ರ ಮಾಡಿದರೆ ಹೆಗಲ ಮೇಲೆ ಇಟ್ಟುಕೊಳ್ಳಲಾಗದು. ಹಾಗಾಗಿ ಪೆಟ್ಟಿಗೆ ಚಿಕ್ಕದಾಯಿತು, ದನಿ ಮುಸುಕಾಯಿತು. ಪಿಟೀಲಿನ ಹೊಳಪಿಲ್ಲದ ಆ ದನಿಯೇ ನನಗೆ ಹೆಚ್ಚು ಹತ್ತಿರ.

ಇನ್ನೊಂದು ಮುದ್ರಣದ ಹೆಸರು 'ಹೈರೆನ್', 2003ರದು. ಕೊಮಿತಾಸ್ ಎಂಬ ಅರ್ಮೇನಿಯಾದ ಪಾದ್ರಿ ಊರೂರು ಸುತ್ತಿ ಜನಪದ ಹಾಡುಗಳನ್ನು ಕೂಡಿಟ್ಟವರು. ಆ ಹಾಡುಗಳನ್ನು ಇದರಲ್ಲಿ ಇಂದಿನ ಅರ್ಮೇನಿಯಾದ ರಚನಕಾರ ತಿಗ್ರಾನ್ ಮನ್ಸೂರಿಯನ್ ತಾವೇ ಹಾಡುತ್ತಾರೆ. ಪಳಗಿದ ಗಾಯಕರ ಕಂಠವಲ್ಲ ಅದು, ಅಜ್ಜನೊಬ್ಬ ಜಗಲಿಯಲ್ಲಿ ಗುನುಗಿದಂತೆ. ಪಕ್ಕದಲ್ಲಿ ಕಿಮ್ ಅವರ ವಯೋಲಾ. ಹಳೆಯ ಹಾಡಿನ ಜೊತೆಗೇ ಮನ್ಸೂರಿಯನ್ ಅವರ ಹೊಸ ರಚನೆಗಳೂ ಅದರಲ್ಲಿವೆ. ಡೆಟ್ರಾಯ್ಟ್‌ನಲ್ಲಿ ಹುಟ್ಟಿದ ಮಗಳು ಹಿರಿಯರ ನಾಡಿನಿಂದ ನೆನಪನ್ನಷ್ಟೇ ತರಲಿಲ್ಲ; ಅಲ್ಲಿ ಇಂದು ಬರೆಯುತ್ತಿರುವವರನ್ನೂ ಹುಡುಕಿ ಜೊತೆ ಮಾಡಿಕೊಂಡಳು. ನಾವು ಇಲ್ಲಿ ಅರ್ಧದಷ್ಟನ್ನು ಮಾತ್ರ ಮಾಡುತ್ತಿದ್ದೇವೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಅವೇ ಭಾವಗೀತೆ, ಅವೇ ಧಾಟಿ. ಅವು ಬೇಕು, ಬಿಡುವ ಮಾತೇ ಇಲ್ಲ. ಆದರೆ ಇಲ್ಲೇ ಹುಟ್ಟಿ ಶಾಲೆಯ ಆರ್ಕೆಸ್ಟ್ರಾದಲ್ಲಿ ನುಡಿಸುವ ನಮ್ಮ ಮಕ್ಕಳಿಗೆಂದು ಕನ್ನಡದಲ್ಲಿ ಯಾರು ಹೊಸದಾಗಿ ಬರೆಯುತ್ತಿದ್ದಾರೆ?

ಕಿಮ್ ಅವರು ಹುಟ್ಟುಹಾಕಿದ 'ಮ್ಯೂಸಿಕ್ ಫಾರ್ ಫುಡ್' ಕೂಡ ನಮಗೆ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ. ಕಲಾವಿದರು ಸಂಭಾವನೆಯಿಲ್ಲದೆ ನುಡಿಸುತ್ತಾರೆ, ಕೇಳುಗರು ಕೊಟ್ಟ ದವಸ, ಹಣ ಹಸಿದವರಿಗೆ ಹೋಗುತ್ತದೆ. ಅನ್ನದಾಸೋಹ ಕಂಡವರು ನಾವು.

ಈ ನವೆಂಬರಿಗೆ ಸಮಿತಿಯ ಮುಂದೆ ನನ್ನ ಕೋರಿಕೆ ಇಷ್ಟು: ಇಂದು ಬರೆಯುತ್ತಿರುವ ಕವಿಯೊಬ್ಬರ ಒಂದು ಕವಿತೆ, ಅದಕ್ಕೆ ನಮ್ಮವರೇ ಕೂಡಿಸಿದ ಹೊಸ ರಾಗ, ನುಡಿಸಲು ನಮ್ಮ ಮಕ್ಕಳ ಪಿಟೀಲು, ಚೆಲ್ಲೊ, ವಯೋಲಾ. ಹತ್ತು ನಿಮಿಷ ಸಾಕು. ಬಾಗಿಲಲ್ಲಿ ಅಕ್ಕಿ ಬೇಳೆಗೊಂದು ಬುಟ್ಟಿ ಇಡೋಣ. ನಿಮ್ಮ ಮನೆಯಲ್ಲಿ ವಯೋಲಾ ಕಲಿಯುತ್ತಿರುವ ಮಗುವಿದ್ದರೆ ದಯವಿಟ್ಟು ಈ ತಿಂಗಳೊಳಗೆ ತಿಳಿಸಿ.

— ಸಂಪಾದಕಿ