ಹಾರದ ಕೋವಿಗೆ ಒಂದು ಕಾಗದ ಕೊಡಿ

ಮಾನ್ಯ ಸಂಪಾದಕರೇ,

ಮುಂಬೈಗೆ ಬಂದು ನೆಲೆಸಿದ ಮಲೆನಾಡು, ಕರಾವಳಿಯ ಎಷ್ಟೋ ಕುಟುಂಬಗಳ ಊರಮನೆಯಲ್ಲಿ ಒಂದು ಹಳೇ ಕೇಪಿನ ಕೋವಿ (ನಳಿಗೆಗೆ ಮದ್ದು ತುಂಬಿ ಹಾರಿಸುವ ಬಂದೂಕು) ಇರುತ್ತದೆ. ತೋಟಕ್ಕೆ ಬರುವ ಹಂದಿ, ಮಂಗ ಓಡಿಸಲು ಇಟ್ಟಿದ್ದು. ಹಿರಿಯರು ತೀರಿಕೊಂಡು ಮನೆ ಪಾಲಾಗುವಾಗ ಹಂಡೆ, ಪೆಟ್ಟಿಗೆ, ತೊಟ್ಟಿಲು ಎಲ್ಲಕ್ಕೂ ಯಾರಾದರೂ ಸಿಗುತ್ತಾರೆ. ಕೋವಿ ಮಾತ್ರ ಯಾರಿಗೂ ಬೇಡ. ಕೇಸು ಬಿದ್ದೀತೆಂಬ ಹೆದರಿಕೆ.

ಹೆದರಿಕೆಗೆ ಕಾರಣವೂ ಇದೆ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿಯನ್ನು ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಆದರೆ ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಅಜ್ಜನದು ಅಂದರೂ ಮೂರನೆಯದಿಲ್ಲ. ಮಾರುವುದಾದರೆ ಲೈಸೆನ್ಸ್ ಇದ್ದವರಿಗೇ ಮಾರಬೇಕು. ಅದೂ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಳೆದ ಮೇಲೆ. ಗುಂಡು ಹಾರುವ ಕೋವಿಗೆ ಇಷ್ಟು ಬಿಗಿ ಬೇಕೇ ಬೇಕು. ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಹಾರದ ಕೋವಿಯದ್ದು. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ, ಹಳೇ ಮಾದರಿಯ ಅಥವಾ ಕೆಟ್ಟುಹೋದ ಆಯುಧಕ್ಕೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ ಎಂದು 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಹೇಳುತ್ತದೆ. ಒಳ್ಳೆಯದೇ. ಆದರೆ ಇದು ಹಾರುವುದಿಲ್ಲ ಅಂತ ತೀರ್ಮಾನಿಸುವವರು ಯಾರು? ನಮ್ಮ ಮನೆಯ ಕೋವಿಯ ಕುದುರೆ (ಕೇಪಿಗೆ ಬಡಿಯುವ ಭಾಗ) ಮುರಿದಿದೆ, ನಳಿಗೆ ತುಕ್ಕು ಹಿಡಿದು ತೂತಾಗಿದೆ. ಊರಿನ ಠಾಣೆಯಲ್ಲಿ ಕೇಳಿದರೆ "ಸುಮ್ನೆ ತಂದು ಒಪ್ಪಿಸಿಬಿಡಿ, ಯಾಕೆ ತಲೆನೋವು" ಅಂದರು. ಹಾರುವುದಿಲ್ಲ ಎಂದು ಬರೆದುಕೊಡಿ ಅಂದರೆ, ಅಂಥ ಫಾರಂ ಇಲ್ಲವಂತೆ. ಅವರನ್ನು ದೂರಿಯೂ ಪ್ರಯೋಜನವಿಲ್ಲ. ನಾಳೆ ಏನಾದರೂ ಆದರೆ ಸಹಿ ಹಾಕಿದವರ ಕೊರಳಿಗೇ ಬರುತ್ತದಲ್ಲ!

2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ನಿಯಮ ಸಡಿಲಿಸಿತು. ಪುರಾತನ ವಸ್ತು ಎನಿಸಿಕೊಳ್ಳುವ ಸಣ್ಣ ಬಂದೂಕುಗಳನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬಳಸಲು, ಒಯ್ಯಲು, ಸಾಗಿಸಲು ಮಾತ್ರ ಬೇಕು. ಅಂದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಮನೆಯ ಗೋಡೆಗೆ ತೂಗುಹಾಕಲು ಅಪ್ಪಣೆ ಬೇಡ. ಅದನ್ನೇ ಮುಂಬೈನ ಮುಲುಂಡಿನ ಫ್ಲ್ಯಾಟಿಗೆ ತರಲು ಬೇಕು! ಕೇಳುವುದು ಯಾರನ್ನು? ಅಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಇಲ್ಲಿ ಪೊಲೀಸ್ ಕಮಿಷನರ್. ಕೊರಿಯರ್‌ನವರು ಕೋವಿ ಅಂದರೆ ಸಾಕು, ಕೈಮುಗಿಯುತ್ತಾರೆ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಡಿಕ್ಕಿಗೆ ಹಾಕಿಬಿಡಿ ಎಂದು ಸಲಹೆ ಕೊಡುವ ಧೀರರೂ ಇದ್ದಾರೆ. ದಾರಿಯಲ್ಲಿ ತಪಾಸಣೆಯಾದರೆ ಅವರು ಬರುತ್ತಾರಾ?

ಮುಂಬೈನ ಹಳೇ ಸಾಮಾನಿನ ಪೇಟೆ ಚೋರ್ ಬಜಾರಿನಲ್ಲಿ ಮಾರಿ ಅನ್ನುವವರಿಗೂ ಒಂದು ಮಾತು. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೂ ಬರುತ್ತದೆ. ಅಂಥವುಗಳ ವ್ಯಾಪಾರಕ್ಕೆ ಬೇರೆಯೇ ಲೈಸೆನ್ಸ್. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ.

ಅಮೆರಿಕದ ಬಂದೂಕು ಹುಚ್ಚು ನಮಗೆ ಖಂಡಿತ ಬೇಡ. ಆದರೂ ಅಲ್ಲಿನ ಕೇಂದ್ರ ಕಾನೂನು ಇಸವಿ ಹಿಡಿದು ಗೆರೆ ಎಳೆದಿದೆ. 1898 ಅಥವಾ ಅದಕ್ಕೂ ಮೊದಲು ತಯಾರಾಗಿದ್ದರೆ ಅದು ಪುರಾತನ. 50 ವರ್ಷ ದಾಟಿದ ಬಂದೂಕುಗಳ ಸಂಗ್ರಾಹಕರಿಗೆ ಬೇರೆ ಲೈಸೆನ್ಸ್, ಮೂರು ವರ್ಷಕ್ಕೆ 30 ಡಾಲರ್. ಏನು ಕೊಂಡರು, ಯಾರಿಗೆ ಕೊಟ್ಟರು ಎಂದು ಅವರು ಪುಸ್ತಕದಲ್ಲಿ ಬರೆದಿಡಬೇಕು. ಟಿಪ್ಪುವಿನ ಬಂದೂಕು 2019ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಾದಾಗ ನಾವೆಲ್ಲ ಹೊಟ್ಟೆ ಉರಿಸಿಕೊಂಡೆವು. ಅದು ಅಲ್ಲಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ನಮ್ಮೂರಿನ ಅಟ್ಟದಲ್ಲಿ ಸಿಕ್ಕಿದ್ದರೆ ಮನೆಯವರು ರಾತ್ರೋರಾತ್ರಿ ಬಾವಿಗೆ ಹಾಕುತ್ತಿದ್ದರೋ ಏನೋ.

ನಾನು ಕೇಳುವುದು ಜಾಸ್ತಿ ಏನಲ್ಲ. ಪೊಲೀಸ್ ಇಲಾಖೆಯಲ್ಲಿ ಆಯುಧ ರಿಪೇರಿ ಮಾಡುವ ಪರಿಣತರಿದ್ದಾರೆ. ಅವರು ಕೋವಿ ನೋಡಿ, ಹಾರುತ್ತದೋ ಇಲ್ಲವೋ ಎಂದು ಫೋಟೊ ಸಮೇತ ಬರೆದುಕೊಡಲಿ. ಆ ಕಾಗದ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ನಡೆಯಲಿ, ಸಾಗಿಸಲು ಅನುಮತಿ ಬೇಕಾದರೆ ಅದರ ಮೇಲೇ ಸಿಗಲಿ. ಫೀಸು ಇಡಲಿ, ಕೊಡುತ್ತೇವೆ. ಅಲ್ಲಿಯವರೆಗೆ ಓದುಗರು ಬಾಯಿಮಾತಿಗೆ ಕೋವಿ ಒಪ್ಪಿಸಬೇಡಿ. ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಅದರ ಮೇಲಿನ ನಂಬರು, ಗುರುತು ನಮೂದಾದ ರಸೀದಿ ಕೈಗೆ ಸಿಗದೆ ಠಾಣೆಯಿಂದ ಹೊರಡಬೇಡಿ.

ಇತಿ,
ಮುಲುಂಡಿನ ಓದುಗ, ಮುಂಬೈ