ಆಟದಲ್ಲೂ ಹುಟ್ಟು ಕೆಟ್ಟವರು ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ಮಕ್ಕಳು ಮನೆಯೊಳಗೇ ಆಡಬಹುದಾದ ಆಟಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಹೆಸರೂ ಅದರಲ್ಲಿತ್ತು, ಖುಷಿಯಾಯಿತು. ಆದರೆ ಕಂಪನಿಯವರು ಪಾತ್ರದ ಒಳ್ಳೆಯತನ ಕೆಟ್ಟತನ ಗುರುತಿಸುವ ಅಲೈನ್‌ಮೆಂಟ್ ನಿಯಮ ತೆಗೆದುಹಾಕಿ ಆಟ ಕೆಡಿಸಿದ್ದಾರೆ, ಹಳೇ ಅಭಿಮಾನಿಗಳು ಸಿಟ್ಟಾಗಿದ್ದಾರೆ ಅಂತ ಕೊನೆಗೆ ಬರೆದಿದ್ದೀರಿ. ನಿಯಮ ಪೂರ್ತಿ ಹೋಗಿಲ್ಲ. 2024ರ ಹೊಸ ಪುಸ್ತಕದಲ್ಲೂ ಇದೆ. ಇನ್ನು ಅಭಿಮಾನಿ ಅಂದರೆ ನಾನೂ ಹಳಬನೇ. ಆರು ವರ್ಷದಿಂದ ಕಲಬುರಗಿಯಲ್ಲಿ ಭಾನುವಾರಕ್ಕೊಮ್ಮೆ ಐದು ಜನ ಸೇರಿ ಕನ್ನಡದಲ್ಲೇ ಆಡುತ್ತೇವೆ, ಕತೆ ನಡೆಸುವ ಡಿಎಂ ನಾನು. ನನಗೆ ಆ ಸಿಟ್ಟು ಇಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದು ಮಾತಿನಲ್ಲಿ ಕತೆ ಕಟ್ಟುವ ಆಟ. ಒಬ್ಬೊಬ್ಬರು ಒಂದೊಂದು ಪಾತ್ರ ಆಗುತ್ತಾರೆ, ಕಷ್ಟದ ಕೆಲಸ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಪಾತ್ರ ಒಳ್ಳೆಯದೋ ಕೆಟ್ಟದ್ದೋ ನಡುವಿನದೋ, ಕಟ್ಟುಪಾಡಿಗೆ ಬಗ್ಗುವುದೋ ಮನಸ್ಸಿಗೆ ಬಂದಂತೆ ನಡೆಯುವುದೋ, ಎರಡರ ನಡುವೆ ಇರುವುದೋ, ಅದನ್ನು ಹಾಳೆಯಲ್ಲಿ ಬರೆಯಬೇಕು. ಮೂರು ಮೂರಲೆ ಒಂಬತ್ತು ಬಗೆ. ಇದಕ್ಕೇ ಅಲೈನ್‌ಮೆಂಟ್ ಅನ್ನುವುದು. ಎದುರು ಬರುವ ಓರ್ಕ್ ಅನ್ನುವ ರಾಕ್ಷಸ ಕುಲಕ್ಕೂ ಡ್ರಾಗನ್‌ಗಳಿಗೂ 2014ರ ಪುಸ್ತಕದಲ್ಲಿ ಒಂದೊಂದು ಅಲೈನ್‌ಮೆಂಟ್ ಬರೆದಿಟ್ಟಿದ್ದರು.

ಈ ಒಂಬತ್ತು ಬಗೆ ಆಟ ಹುಟ್ಟಿದಾಗಿನಿಂದ ಇದೆ, ಮುಟ್ಟಬಾರದು ಅನ್ನುವವರು ಜಾಸ್ತಿ. ಹಾಗೇನಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದದ್ದು ಮೂರೇ, ಕಟ್ಟುಪಾಡಿನವರು, ಅದನ್ನು ಮೀರುವವರು, ನಡುವಿನವರು. ಒಳ್ಳೆಯದು ಕೆಟ್ಟದ್ದು ಅನ್ನುವ ಗೆರೆಯನ್ನು ಗೈಗ್ಯಾಕ್ಸ್ ಎಳೆದದ್ದು 1976ರಲ್ಲಿ. 2008ರ ನಾಲ್ಕನೇ ಆವೃತ್ತಿ ಒಂಬತ್ತನ್ನು ಐದಕ್ಕೆ ಇಳಿಸಿತು, ಆಗಲೂ ಗದ್ದಲ ಎದ್ದಿತ್ತು, 2014ರಲ್ಲಿ ಒಂಬತ್ತು ವಾಪಸ್ ಬಂತು. ಓರ್ಕ್‌ಗಳ ಕತೆಯನ್ನೇ ನೋಡಿ. ಮೊದಲ ಪುಸ್ತಕದಲ್ಲಿ ಅವು ನಡುವಿನವರ ಪಟ್ಟಿಯಲ್ಲೂ ಇದ್ದವು, ಕಟ್ಟುಪಾಡು ಮೀರುವವರ ಪಟ್ಟಿಯಲ್ಲೂ ಇದ್ದವು. 1977ರಲ್ಲಿ ಕಟ್ಟುಪಾಡಿನ ಕೆಟ್ಟವರಾದವು. 2000ದಲ್ಲಿ ಕಟ್ಟುಪಾಡಿಲ್ಲದ ಕೆಟ್ಟವರಾದವು. ಹಿಂದಿನಿಂದ ಬಂದದ್ದು ಅಂತ ಯಾವುದನ್ನು ಹಿಡಿದುಕೊಳ್ಳೋಣ?

ನಾನು ಮನಸ್ಸು ಬದಲಿಸಿದ್ದು ಈ ಇಸವಿಗಳನ್ನು ಓದಿ ಅಲ್ಲ. ಒಂದು ಏಪ್ರಿಲ್ ಮಧ್ಯಾಹ್ನ, ಶರಣಬಸವೇಶ್ವರ ಗುಡಿಯ ಹತ್ತಿರ ಗೆಳೆಯನ ಮನೆಯ ಮೇಲಿನ ಕೋಣೆಯಲ್ಲಿ ಕೂತಿದ್ದೆವು. ಚಾಪೆ ಮೇಲೆ ಪುಸ್ತಕ, ಹಾಳೆ, ಒಂದು ತಾಟು ಮಿರ್ಚಿ ಭಜಿ. ಕತೆಯಲ್ಲಿ ಗೆಳೆಯರ ಪಾತ್ರಗಳು ಓರ್ಕ್‌ಗಳ ಗವಿಗೆ ನುಗ್ಗಿ ದೊಡ್ಡವರನ್ನೆಲ್ಲ ಹೊಡೆದು ಹಾಕಿದ್ದರು. ಜೋಳದ ಚೀಲಗಳ ಹಿಂದೆ ಮೂರು ಮರಿಗಳು ಅಡಗಿದ್ದವು. ಇವಕ್ಕೇನು ಮಾಡೋಣ ಅಂತ ಒಬ್ಬ ಕೇಳಿದ. ನಾನು ಪುಸ್ತಕ ತೆಗೆದು ಓರ್ಕ್ ಅನ್ನುವ ಹೆಸರಿನ ಕೆಳಗಿನ ಸಾಲಿಗೆ ಬೆರಳಿಟ್ಟು, ‘ಕೇಯಾಟಿಕ್ ಈವಿಲ್ ಅಂತ ಬರೆದಿದೆ ನೋಡಿ, ಕಟ್ಟುಪಾಡಿಲ್ಲದ ಕೆಟ್ಟವರು ಅಂತ, ಮರಿಗಳೂ ಅಷ್ಟೇ’ ಅಂದೆ.

ದಾಳ ಹಿಡಿದಿದ್ದ ಗೆಳೆಯ ಉರುಳಿಸಲಿಲ್ಲ. ಮುಷ್ಟಿ ಬಿಗಿ ಹಿಡಿದು ಕೂತ. ‘ನಮ್ಮ ಮುತ್ಯಾನ ಹೆಸರಿನ ಮುಂದನೂ ಹಿಂಗೇ ಬರದಿದ್ರು’ ಅಂದ.

ಅವನ ಮುತ್ಯಾ ಹುಟ್ಟಿದ್ದು ಸರ್ಕಾರ ಇಂಥ ಜನರನ್ನು ಕೂಡಿಹಾಕಿದ್ದ ಸೊಲ್ಲಾಪುರದ ಸೆಟಲ್‌ಮೆಂಟಿನಲ್ಲಿ, ತಂತಿ ಬೇಲಿಯ ಒಳಗೆ. 1871ರಲ್ಲಿ ಬ್ರಿಟಿಷರು ಒಂದು ಕಾನೂನು ತಂದು, ಇಂತಿಂಥ ಬುಡಕಟ್ಟಿನವರು ಹುಟ್ಟಾ ಅಪರಾಧಿಗಳು ಅಂತ ಪಟ್ಟಿ ಮಾಡಲು ಶುರು ಮಾಡಿದರು. ಏನೂ ಮಾಡದವರೂ ಹೋಗಿ ಹಾಜರಿ ಹಾಕಬೇಕಿತ್ತು, ಊರು ಬಿಟ್ಟು ಹೋಗಲು ಚೀಟಿ ಬೇಕಿತ್ತು. ಆ ಕಾನೂನು ರದ್ದಾದದ್ದು 1952ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದ ಮೇಲೂ ಐದು ವರ್ಷ ಬೇಕಾಯಿತು. ಸೊಲ್ಲಾಪುರ ನಮಗೆ ರೈಲಿನಲ್ಲಿ ಎರಡು ತಾಸಿನ ದಾರಿ, ಎಷ್ಟೋ ಸಲ ಹೋಗಿ ಬಂದಿದ್ದೇನೆ, ಇದು ಮಾತ್ರ ಗೊತ್ತಿರಲಿಲ್ಲ. ಆ ದಿನ ಆಟ ಅಲ್ಲಿಗೇ ನಿಲ್ಲಿಸಿದೆವು.

2020ರ ಜೂನ್‌ನಲ್ಲಿ ಆಟದ ಕಂಪನಿ ವಿಜರ್ಡ್ಸ್ ಆಫ್ ದ ಕೋಸ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಓರ್ಕ್ ಮತ್ತು ಡ್ರೌ ಕುಲಗಳನ್ನು ತೋರಿಸುತ್ತ ಬಂದ ರೀತಿ ನಿಜವಾದ ಜನಾಂಗಗಳನ್ನು ಹೀಗಳೆದ ರೀತಿಯನ್ನೇ ನೆನಪಿಸುತ್ತದೆ, ಬದಲಾಯಿಸುತ್ತೇವೆ ಅಂದರು. ಸುಮ್ನೆ ಆಟಕ್ಕೆ ರಾಜಕೀಯ ತುರುಕುತ್ತಿದ್ದಾರೆ ಅಂತ ಬೈದವರು ಬಹಳ. ಕೆಟ್ಟವರೇ ಇಲ್ಲದಿದ್ದರೆ ಯಾರ ಜೊತೆ ಹೊಡೆದಾಡುವುದು ಅಂತಲೂ ಕೇಳಿದರು. ಕೆಟ್ಟವರು ಬೇಕಾದಷ್ಟು ಇದ್ದಾರೆ. ನಮ್ಮ ಕತೆಯಲ್ಲಿ ಕೆರೆಯ ತೂಬು ಮುಚ್ಚಿಸಿ ಮೂರು ಊರಿನ ಬೆಳೆ ಒಣಗಿಸಿದ ಒಬ್ಬ ಸಾಹುಕಾರ ಇದ್ದಾನೆ, ಮನುಷ್ಯನೇ. ಗೊತ್ತಿದ್ದೂ ಮಾಡಿದವನು. ಅವನ ಮೇಲೆ ನಮ್ಮ ಹುಡುಗರಿಗೆ ಇರುವಷ್ಟು ಸಿಟ್ಟು ಯಾವ ಓರ್ಕ್ ಮೇಲೂ ಇರಲಿಲ್ಲ.

ಆದರೆ ಹಳೇ ಅಭಿಮಾನಿಗಳ ಒಂದು ಮಾತಿಗೆ ನಾನು ಪೂರ್ತಿ ಜೊತೆಗಿದ್ದೇನೆ. ಪಾಲಡಿನ್ ಅಂತ ಒಂದು ಪಾತ್ರ ಇದೆ, ಧರ್ಮಕ್ಕೆ ಕಟ್ಟುಬಿದ್ದ ಯೋಧ. ಹಳೇ ನಿಯಮದಲ್ಲಿ ಅವನು ಒಳ್ಳೆಯವನೂ ಆಗಿರಬೇಕು, ಕಟ್ಟುಪಾಡಿನವನೂ ಆಗಿರಬೇಕು. ತಿಳಿದು ತಿಳಿದು ಒಂದು ಕೆಟ್ಟ ಕೆಲಸ ಮಾಡಿದರೆ ಶಕ್ತಿ ಹೋಯಿತು, ಮತ್ತೆ ಬರುತ್ತಿರಲಿಲ್ಲ. ಆ ಭಯಕ್ಕೆ ಆಡುವವರು ಒಂದು ಸುಳ್ಳು ಹೇಳಲೂ ಹತ್ತು ನಿಮಿಷ ಯೋಚಿಸುತ್ತಿದ್ದರು. ಅದು ಆಟದ ಜೀವ. ಹುಟ್ಟಿಗೆ ಹೊಡೆದ ಮುದ್ರೆ ಬೇರೆ, ತಾನೇ ಮಾಡಿದ ಆಣೆ ಬೇರೆ ಅಲ್ವಾ? ಎರಡನ್ನೂ ಅಲೈನ್‌ಮೆಂಟ್ ಅಂತ ಒಂದೇ ಹೆಸರಲ್ಲಿ ಕರೆದದ್ದಕ್ಕೇ ಇಷ್ಟು ಜಗಳ ಅಂತ ನನಗೆ ಅನ್ನಿಸುತ್ತದೆ.

ಪಾತ್‌ಫೈಂಡರ್ ಅನ್ನುವ ಇನ್ನೊಂದು ಆಟದವರು 2023ರಲ್ಲಿ ಅಲೈನ್‌ಮೆಂಟನ್ನು ಪೂರ್ತಿ ಕೈಬಿಟ್ಟರು. ಡಂಜನ್ಸ್ ಅಂಡ್ ಡ್ರಾಗನ್ಸ್ ನಿಯಮ ಬಳಸುವ ಲೈಸೆನ್ಸಿನ ಜಗಳವೂ ಅದಕ್ಕೆ ಒಂದು ಕಾರಣ. ಪಾತ್ರ ಏನು ಮಾಡಲೇಬೇಕು, ಏನು ಎಂದಿಗೂ ಮಾಡಬಾರದು, ಇವೆರಡನ್ನು ಬರೆದಿಡುವುದು ಅವರ ದಾರಿ. ನನಗೆ ಇದು ಹಿಡಿಸಿತು, ನಮ್ಮ ಹಾಳೆಗೂ ತಂದುಕೊಂಡೆವು. ಮಾತು ಮುರಿದರೆ ಹಳೇ ಪಾಲಡಿನ್‌ಗೆ ಆದದ್ದೇ ಆಗುತ್ತದೆ, ಅದರಲ್ಲಿ ಮುಲಾಜಿಲ್ಲ.

ಆ ಮೂರು ಮರಿಗಳನ್ನು ಗೆಳೆಯನ ಪಾತ್ರವೇ ಊರಿಗೆ ಕರೆದುಕೊಂಡು ಬಂತು. ದೊಡ್ಡವಳು ಈಗ ಕತೆಯಲ್ಲಿ ಊರ ಬಾವಿ ಕಾಯುತ್ತಾಳೆ. ನೀರು ಕೇಳಿದವರಿಗೆ ಇಲ್ಲ ಅನ್ನಬಾರದು ಅನ್ನುವುದು ಅವಳ ಹಾಳೆಯ ಮೊದಲ ಸಾಲು. ಎರಡನೆಯ ಸಾಲು ಇನ್ನೂ ಖಾಲಿ ಇದೆ. ಮುಂದಿನ ಭಾನುವಾರ ಸಾಹುಕಾರನ ಆಳುಗಳು ಬಾಯಾರಿ ಅದೇ ಬಾವಿಗೆ ಬರುತ್ತಾರೆ.

— ನಿಮ್ಮ ಓದುಗ, ಕಲಬುರಗಿ